ಹಬ್ಬದಲ್ಲಿ ಶಿಶುವಿನ ಪಾಲು

ಶಿಶುವನ್ನು ಮೊತ್ತಮೊದಲು ಮನೆಯ ಹೊಸಿಲು ದಾಟಿಸುವುದೂ, ಅದಕ್ಕೆ ಮೊದಲ ತುತ್ತನ್ನು ಉಣಿಸುವುದೂ ನಮ್ಮ ಹಿರಿಯರ ದೃಷ್ಟಿಯಲ್ಲಿ ಸಾಮಾನ್ಯವಾದ ಕಾರ್ಯಗಳಾಗಿರಲಿಲ್ಲ. ಅವೆರಡನ್ನೂ ಅವರು ಸಂಸ್ಕಾರಗಳ ಸಾಲಿನಲ್ಲಿ ಸೇರಿಸಿದರು. ನಾಲ್ಕನೆಯ ತಿಂಗಳಿನಲ್ಲಿ ನಿಷ್ಕ್ರಮಣ, ಆರನೆಯ ತಿಂಗಳಿನಲ್ಲಿ ಅನ್ನಪ್ರಾಶನ ಎಂದು ಮನುಸ್ಮೃತಿಯು ವಿಧಿಸಿ, ಕುಲಾಚಾರಕ್ಕೆ ತಕ್ಕಂತೆಯೂ ನಡೆಸಬಹುದೆಂದು ಅವಕಾಶವನ್ನು ಕೊಟ್ಟಿದೆ. ಪಾರಸ್ಕರ ಗೃಹ್ಯಸೂತ್ರವನ್ನು ನೋಡಿದರೆ, ನಿಷ್ಕ್ರಮಣದ ಸಾರವು ಮಗುವನ್ನು ಹೊರಗೆ ಕರೆತಂದು ಸೂರ್ಯನನ್ನು ತೋರಿಸುವುದಷ್ಟೆ ಎಂದು ತಿಳಿಯುತ್ತದೆ. ವಾಚಕ ಮಹಾಶಯರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಮಗುವಿನ ಮೊದಲ ವಿಹಾರಕ್ಕೆ ಮನೆಯ ಅಂಗಳವೇ ಸಾಕಾಯಿತು. ಮೊದಲ ಭೋಜನಕ್ಕೆ ಬೆರಳ ತುದಿಯಷ್ಟು ಅನ್ನವೇ ಸಾಕಾಯಿತು. ಸಂಸ್ಕಾರವು ಎಷ್ಟು ದೊಡ್ಡದಾದರೂ ಅದರ ಅಳತೆಯು ಶಿಶುವಿನ ಅಳತೆಯೇ ಆಗಿತ್ತು.

ಈಗಿನ ಕಾಲದಲ್ಲಿ ಈ ಅಳತೆಯನ್ನು ನಾವು ಮರೆಯುತ್ತಿರುವೆವೆಂದು ತೋರುತ್ತದೆ. ಒಂದು ವರ್ಷದ ಕೂಸಿನ ವರ್ಧಂತಿಗೆ ಕಲ್ಯಾಣಮಂಟಪ, ದೀಪಾಲಂಕಾರ, ಕಿವಿ ಕಿವುಡಾಗುವಷ್ಟು ವಾದ್ಯ, ಮುನ್ನೂರು ಜನರ ಊಟ ಇವೆಲ್ಲವೂ ಆಗುವುವು. ಕೂಸು ಮಾತ್ರ ಬಿಗಿಯಾದ ಜರತಾರಿ ಅಂಗಿಯಲ್ಲಿ ಬೆವರಿ, ತೋಳಿನಿಂದ ತೋಳಿಗೆ ಸಾಗಿ, ಅತ್ತು ಅತ್ತು ನಿದ್ರೆಹೋಗುವುದು. ಯಾರ ಹಬ್ಬವೋ ಅವರೇ ಹಬ್ಬದಲ್ಲಿ ಇಲ್ಲದಂತಾಯಿತು. ಇದನ್ನು ಪರರ ಮೇಲಿನ ಆಕ್ಷೇಪಣೆಯಾಗಿ ನಾವು ಬರೆಯುತ್ತಿಲ್ಲ. ಈ ತಪ್ಪನ್ನು ನಾವೇ ಮಾಡಿದವರು. ಅದರ ವೃತ್ತಾಂತವನ್ನು ಹೇಳುವುದಕ್ಕಾಗಿಯೇ ಈ ಲೇಖನ.

1996ರ ಕಾರ್ತಿಕ ಮಾಸದ ಮಾತು. ಆಗ ನಾವು ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ ಉಪಾಧ್ಯಾಯ ವೃತ್ತಿಯಲ್ಲಿದ್ದೆವು. ನಮ್ಮ ಸೋದರತ್ತೆಯವರ ಮನೆ ಬೆಂಗಳೂರಿನ ಬಸವನಗುಡಿಯಲ್ಲಿತ್ತು. ಕಾರ್ತಿಕದ ಕಡೆಯ ಸೋಮವಾರ ಅಲ್ಲಿ ನಡೆಯುವ ಕಡಲೆಕಾಯಿ ಪರಿಷೆಯನ್ನು ಅರಿಯದ ಕನ್ನಡಿಗರು ವಿರಳ. ಸುತ್ತಲಿನ ರೈತರು ಹೊಸ ಬೆಳೆಯ ಕಡಲೆಕಾಯಿಯನ್ನು ತಂದು ದೊಡ್ಡ ಬಸವಣ್ಣನಿಗೆ ಒಪ್ಪಿಸಿ, ದಾರಿಯ ಎರಡು ಕಡೆಗಳಲ್ಲಿಯೂ ರಾಶಿ ಹಾಕಿ ಮಾರುವರು. ಹಸಿಯದು, ಹುರಿದದ್ದು, ಬೇಯಿಸಿದ್ದು ಎಂದು ರಾಶಿಗಳಲ್ಲಿಯೂ ಭೇದವುಂಟು. ಮೂರು ವರ್ಷದ ನಮ್ಮ ಮಗಳಿಗೆ ಆ ಏಕಶಿಲೆಯ ನಂದಿಯನ್ನು, ಸುಮಾರು 15 ಅಡಿ ಎತ್ತರ 20 ಅಡಿ ಉದ್ದದ ಆ ಭವ್ಯ ಮೂರ್ತಿಯನ್ನು ತೋರಿಸಬೇಕೆಂಬುದು ನಮ್ಮ ಉತ್ಸಾಹ. ಮಗಳ ಉತ್ಸಾಹವೇ ಬೇರೆ. ಅವಳು ಮೊದಲನೆಯ ರಾಶಿಯ ಮುಂದೆಯೇ ನಿಂತುಬಿಟ್ಟಳು. "ಮೊದಲು ದೇವರು, ಆಮೇಲೆ ಕಡಲೆಕಾಯಿ" ಎಂದು ಗದರಿಸಿ ಎಳೆದುಕೊಂಡು ಹೋದೆವು.

ದರ್ಶನದ ಸಾಲಿನಲ್ಲಿ ಒಂದೂವರೆ ಗಂಟೆಯ ಕಾಲ ಕಳೆಯಿತು. ಮಗುವಿನ ಊಟದ ಹೊತ್ತು ಮೀರಿತು, ನಿದ್ರೆಯ ಹೊತ್ತೂ ಮೀರಿತು. ಗುಡಿಯಿಂದ ಇಳಿದು ಬರುವಾಗ ಹಳೆಯ ಸಹಪಾಠಿಯೊಬ್ಬರು ಎದುರಾದರು. ಕೌಮುದಿಯ ಪಾಠದ ದಿನಗಳನ್ನು ನೆನೆಯುತ್ತ ದಾರಿಯ ಅಂಚಿನಲ್ಲಿ ನಿಂತೆವು. ನಮ್ಮ ಗೃಹಿಣಿಯು ಬಳೆಗಳ ಅಂಗಡಿಯತ್ತ ತಿರುಗಿದ್ದಳು. ಮಗುವಿನ ಕೈ ತಾಯಿಯ ಹಿಡಿತದಲ್ಲಿದೆಯೆಂದು ನಾವು, ತಂದೆಯ ಹಿಡಿತದಲ್ಲಿದೆಯೆಂದು ಅವಳು. ಮಾತು ಮುಗಿಸಿ ತಿರುಗಿ ನೋಡಿದರೆ ಮಗು ಇಬ್ಬರ ಬಳಿಯಲ್ಲಿಯೂ ಇರಲಿಲ್ಲ.

ಆ ಇಪ್ಪತ್ತು ನಿಮಿಷಗಳನ್ನು ವರ್ಣಿಸಲು ನಾವು ಕಲಿತ ಯಾವ ಅಲಂಕಾರಶಾಸ್ತ್ರವೂ ನೆರವಾಗದು. ಎಲ್ಲಿ ನೋಡಿದರೂ ಕಾಲುಗಳು. ಮೂರು ವರ್ಷದ ಮಗು ಆ ಕಾಲುಗಳ ಕಾಡಿನಲ್ಲಿ ಹೇಗೆ ಕಂಡೀತು? ಪೋಲೀಸಿನವರಲ್ಲಿಗೆ ಓಡಿದೆವು. ಮಗು ಉಟ್ಟ ಲಂಗದ ಬಣ್ಣವೇನೆಂದು ಅವರು ಕೇಳಿದಾಗ ನಮಗೆ ಉತ್ತರವು ತೋಚಲಿಲ್ಲ. ಬೆಳಗ್ಗೆ ನಾವೇ ಮೆಚ್ಚಿ ನೋಡಿದ ಲಂಗವಾಗಿದ್ದಿತು ಅದು.

ಕಡೆಗೆ ಅವಳನ್ನು ಕಂಡವಳು ನಮ್ಮ ಗೃಹಿಣಿ. ಬೆಳಗ್ಗೆ ನಾವು ಎಳೆದುಕೊಂಡು ಹೋದ ಆ ಮೊದಲನೆಯ ರಾಶಿಯ ಪಕ್ಕದಲ್ಲಿಯೇ, ಗೋಣಿತಟ್ಟಿನ ಮೇಲೆ, ಕಡಲೆಕಾಯಿ ಮಾರುವ ಮುದುಕಿಯ ತೊಡೆಗೆ ಒರಗಿಕೊಂಡು ಮಗಳು ಕುಳಿತಿದ್ದಳು. ಅವಳ ಕೈಯಲ್ಲಿ ಒಂದು ಪಾವು. ರಾಶಿಯಿಂದ ತುಂಬುವುದು, ಮತ್ತೆ ರಾಶಿಗೆ ಸುರಿಯುವುದು. ಮುಖದಲ್ಲಿ ಭಯದ ಸುಳಿವೇ ಇಲ್ಲ. ನಾವು ಮಾಡಿದುದೇನು? ಮಗುವನ್ನು ಅಪ್ಪಿಕೊಳ್ಳುವ ಬದಲು, ಸಾಲದ ಸಿಟ್ಟಿನಿಂದ, ಹತ್ತಾರು ಜನರ ಎದುರಿಗೆ ಗದರಿದೆವು. ಮಗು ಆಗ ಅತ್ತಿತು. ಮುದುಕಿಯು ತಲೆಯೆತ್ತಿ, "ಮಗೀನ ಯಾಕ್ ಬೈತೀರ ಸ್ವಾಮಿ? ಕೈ ಬಿಟ್ಟೋರು ನೀವಲ್ವಾ?" ಎಂದಳು. ಕೊಡಹೋದ ಹಣವನ್ನು ಆಕೆ ಮುಟ್ಟಲಿಲ್ಲ. ಮಗುವಿನ ಲಂಗದ ಮಡಿಲಿಗೆ ಒಂದು ಪಾವು ಕಡಲೆಕಾಯಿಯನ್ನು ಸುರಿದು ಕಳುಹಿಸಿದಳು.

ಆ ಮಾತಿನಿಂದ ನಾವು ಕಲಿತ ವಿಹಾರನಿಯಮಗಳು ಕೆಲವುಂಟು. ಜನಸಂದಣಿಗೆ ಹೊರಡುವ ಮುನ್ನ, ಮಗುವಿನ ಕೈಯನ್ನು ಹಿಡಿಯುವವರು ಇಂಥವರೇ ಎಂದು ಹೆಸರಿಟ್ಟು ಹೇಳಬೇಕು. ಕೈ ಬದಲಾದಾಗ ಬಾಯಿಬಿಟ್ಟು ಒಪ್ಪಿಸಬೇಕು. "ಎಲ್ಲರೂ ನೋಡಿಕೊಳ್ಳುವರು" ಎಂದರೆ ಯಾರೂ ನೋಡಿಕೊಳ್ಳರೆಂದೇ ಅರ್ಥ. ಮನೆಯವರ ಫೋನು ಸಂಖ್ಯೆಯನ್ನು ಬರೆದ ಚೀಟಿಯು ಮಗುವಿನ ಜೇಬಿನಲ್ಲಿರಲಿ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇರುವುದರಿಂದ, ಹೊರಡುವ ಹೊತ್ತಿನಲ್ಲಿ ಆ ದಿನದ ಉಡುಪಿನಲ್ಲಿಯೇ ಮಗುವಿನ ಚಿತ್ರವನ್ನು ತೆಗೆದಿಟ್ಟುಕೊಂಡರೆ ನಮಗಾದ ಪೇಚಾಟವು ತಪ್ಪುವುದು. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಗಳು ನೆನಪಿನಲ್ಲಿರಲಿ. ಇವೆಲ್ಲಕ್ಕಿಂತ ಮುಖ್ಯವಾದುದು, ಮಗುವಿನ ಹಸಿವು ನಿದ್ರೆಗಳನ್ನು ನೋಡಿ ಹೊರಡುವ ಹೊತ್ತನ್ನು ಗೊತ್ತುಮಾಡುವುದು.

ಮರುವರ್ಷದ ಕಾರ್ತಿಕದಲ್ಲಿ ನಾವು ಪರಿಷೆಗೆ ಹೋಗಲಿಲ್ಲ. ಊರ ಹೊರಗಿನ ತೋಟದಲ್ಲಿ ಒಂದು ನೆಲ್ಲಿಯ ಮರವಿತ್ತು. ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದ ಕೆಳಗೆ ವನಭೋಜನ ಮಾಡುವ ಸಂಪ್ರದಾಯವು ನಮ್ಮಲ್ಲಿ ಉಂಟಷ್ಟೆ. ನೆರೆಮನೆಯವರೂ ಸೇರಿ ಎಂಟು ಜನ ಹೊರಟೆವು. ಪುಳಿಯೋಗರೆ, ಕೋಡುಬಳೆ, ಮೊಸರನ್ನ. ಬುತ್ತಿಯಲ್ಲಿ ಬೇರೇನೂ ಇರಲಿಲ್ಲ. ಮೊಸರನ್ನಕ್ಕೆ ಬೆಳಗ್ಗೆ ಹಾಲನ್ನೇ ಹೆಚ್ಚಾಗಿ ಬೆರಸಿ, ಒಂದು ಚಮಚ ಮೊಸರನ್ನು ಮಾತ್ರ ಹಾಕಿದರೆ, ಮಧ್ಯಾಹ್ನದ ಹೊತ್ತಿಗೆ ಅದು ಹುಳಿಯಾಗದೆ ಹದವಾಗಿರುವುದು. ಒಗ್ಗರಣೆಗೆ ಮುಂಚೆ ಮಗುವಿನ ಪಾಲನ್ನು ತೆಗೆದಿಟ್ಟರಾಯಿತು. ಮುತ್ತುಗದ ಎಲೆಗಳನ್ನು ಹಾಕುವ ಕೆಲಸವನ್ನು ನಾಲ್ಕು ವರ್ಷದ ಮಗಳಿಗೆ ವಹಿಸಿದೆವು. ಒಬ್ಬೊಬ್ಬರ ಮುಂದೆಯೂ ಎಲೆಯಿಟ್ಟು, ಗಾಳಿಗೆ ಹಾರದಂತೆ ಕಲ್ಲನ್ನಿಟ್ಟು, ಎಲ್ಲರಿಗೂ ಹಾಕಿ ತನಗೆ ಹಾಕಿಕೊಳ್ಳುವುದನ್ನು ಮರೆತಳು. ಆ ದಿನ ಅವಳನ್ನು ಉಣಿಸಲು ಯಾರೂ ಬಲಾತ್ಕರಿಸಬೇಕಾಗಲಿಲ್ಲ. ಕೆಲಸ ಮಾಡಿದವರಿಗೆ ಹಸಿವಾಗುವುದು ಸಹಜವಲ್ಲವೆ?

ಇಷ್ಟಾದರೂ ನಮ್ಮ ಕಲಿಕೆ ಅರೆಯಾಗಿಯೇ ಇದ್ದಿತೆಂಬುದು 2023ರಲ್ಲಿ ತಿಳಿಯಿತು. ಆ ಮಗಳಿಗೇ ಈಗ ಮಗನು. ಆರು ತಿಂಗಳು ತುಂಬುತ್ತ ಬಂದಾಗ ಮೊಮ್ಮಗನ ಅನ್ನಪ್ರಾಶನವನ್ನು ವೈಭವದಿಂದ ನಡೆಸಬೇಕೆಂದು ನಾವು ಇನ್ನೂರು ಜನರ ಪಟ್ಟಿಯನ್ನು ಬರೆದೆವು. ನಿವೃತ್ತರಾದ ಉಪಾಧ್ಯಾಯರಿಗೆ ಪಟ್ಟಿ ಬರೆಯುವುದರಲ್ಲಿ ಒಂದು ಸುಖವುಂಟು. ಮಗಳು ಪಟ್ಟಿಯನ್ನು ಓದಿ ಮೆಲ್ಲನೆ ಹೀಗೆಂದಳು: "ಅಪ್ಪಾ, ಆ ಪರಿಷೆಯಲ್ಲಿ ಬಸವಣ್ಣನನ್ನು ನೋಡಿದ್ದು ನನಗೆ ನೆನಪಿಲ್ಲ. ಕಳೆದುಹೋದದ್ದನ್ನೂ ನೀವು ಹೇಳಿ ಕೇಳಿದ್ದೇನೆ ಅಷ್ಟೆ. ನನಗೆ ನೆನಪಿರುವುದು ಎರಡೇ. ಆ ಅಜ್ಜಿ ನನ್ನ ಕೈಗೆ ಪಾವು ಕೊಟ್ಟದ್ದು, ನೀವು ಬೈದದ್ದು. ಈ ಇನ್ನೂರು ಜನರ ನಡುವೆ ಇವನ ಕೈಗೆ ನೀವು ಏನು ಕೊಡುತ್ತೀರಿ?"

ಇಪ್ಪತ್ತೇಳು ವರ್ಷಗಳ ಮೇಲೆ ಬಂದ ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಪಟ್ಟಿಯನ್ನು ಹರಿದೆವು. ಮರುದಿನ ಮಗಳ ಬಳಿಯಲ್ಲಿ ಕುಳಿತು, ಅಂದು ಬೈದದ್ದು ತಪ್ಪಾಯಿತೆಂದು ಹೇಳಿದೆವು. ತಂದೆಯಾದವನು ಮಗಳಿಗೆ ಹೀಗೆ ಹೇಳುವುದು ನಮ್ಮ ಕಾಲದ ರೂಢಿಯಲ್ಲ. ಆದರೆ ಹೇಳಿದ ಮೇಲೆ ಎದೆ ಹಗುರವಾದುದನ್ನು ಮುಚ್ಚಿಡುವುದೇಕೆ?

ಅನ್ನಪ್ರಾಶನವು ಹತ್ತು ಜನರ ಸಮ್ಮುಖದಲ್ಲಿ ಮನೆಯಲ್ಲಿಯೇ ನಡೆಯಿತು. ಆರು ತಿಂಗಳ ತನಕ ತಾಯಿಯ ಹಾಲೊಂದೇ ಸಾಕು, ಅನಂತರ ಅದರೊಡನೆ ಮೆತ್ತನೆಯ ಆಹಾರವನ್ನು ಮೊದಲಿಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವುದರಿಂದ ಈ ವಿಷಯದಲ್ಲಿ ಗೃಹ್ಯಸೂತ್ರಕ್ಕೂ ವೈದ್ಯರಿಗೂ ವಿರೋಧವೇನೂ ಬರಲಿಲ್ಲ. ಒಂದೆಡೆ ಮಾತ್ರ ಬಂದಿತು. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಮೊಸರು, ಜೇನು, ತುಪ್ಪಗಳನ್ನು ಬೆರಸಿದ ಅನ್ನವನ್ನು ಉಣಿಸುವ ವಿಧಿಯುಂಟು. ಜೇನಿನಲ್ಲಿ ಒಂದು ಬಗೆಯ ರೋಗಾಣುವಿನ ಬೀಜಗಳು ಇರಬಹುದಾದುದರಿಂದ, ವರ್ಷ ತುಂಬದ ಶಿಶುವಿಗೆ ಅದನ್ನು ನೆಕ್ಕಿಸಲೂ ಬಾರದೆಂದು ವೈದ್ಯರು ನಿಷೇಧಿಸುವರು. ಅದೇ ಸೂತ್ರವು ತೇಜಸ್ಸನ್ನು ಬಯಸುವವನಿಗೆ ತುಪ್ಪದ ಅನ್ನವನ್ನೂ ಹೇಳಿದೆಯಾದಕಾರಣ, ನಾವು ಜೇನನ್ನು ಬಿಟ್ಟು ತುಪ್ಪದ ಅನ್ನವನ್ನು ನುಣ್ಣಗೆ ಮಸೆದು ಉಣಿಸಿದೆವು. ಮೊಮ್ಮಗನ ಕೈಗೆ ಒಂದು ಪುಟ್ಟ ಬೆಳ್ಳಿಯ ಚಮಚವನ್ನು ಕೊಟ್ಟಿದ್ದೆವು. ಅವನು ಅದನ್ನು ನೆಲಕ್ಕೆ ಬಡಿದು, ಆ ಶಬ್ದಕ್ಕೆ ತಾನೇ ಬೆರಗಾಗಿ, ನಕ್ಕನು. ಹತ್ತು ಜನವೂ ನಕ್ಕೆವು. ಅರ್ಧ ಗಂಟೆಯಲ್ಲಿ ಹಬ್ಬ ಮುಗಿದು, ಅವನು ನಿದ್ರೆಹೋದನು.

2025ರ ಸಂಕ್ರಾಂತಿಯ ವೇಳೆಗೆ ಅವನಿಗೆ ಎರಡು ವರ್ಷ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜಗಳ ಮಿಶ್ರಣವನ್ನು ಮಕ್ಕಳ ಬಾಯಿಗೆ ಹಾಕುವ ಗೃಹಿಣಿಯರಿಗೆ ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳತಕ್ಕದ್ದಿದೆ. ಐದು ವರ್ಷ ತುಂಬದ ಮಕ್ಕಳಿಗೆ ಇಡಿಯ ಕಡಲೆಕಾಯಿ ಬೀಜವನ್ನಾಗಲಿ, ಗಟ್ಟಿಯಾದ ಕಾಳನ್ನಾಗಲಿ ಕೊಡಬಾರದು. ಅಗಿಯುವ ದವಡೆಹಲ್ಲುಗಳು ಆ ವಯಸ್ಸಿನಲ್ಲಿ ಬಲಿತಿರುವುದಿಲ್ಲ; ನಗುತ್ತಲೋ ಓಡುತ್ತಲೋ ತಿನ್ನುವಾಗ ಕಾಳು ಉಸಿರಿನ ನಾಳಕ್ಕೆ ಜಾರಿದರೆ ಪ್ರಾಣಕ್ಕೇ ಸಂಚಕಾರ. ಮಗುವನ್ನು ಕೂರಿಸಿಯೇ ತಿನ್ನಿಸಬೇಕು. ಹಾಗೆ ಸಿಕ್ಕಿಕೊಂಡು ಮಗು ಕೆಮ್ಮಲೂ ಅಳಲೂ ಆಗದೆ ಹೋದರೆ, ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಿಟ್ಟು ತಡಕಬಾರದು. ಮಗುವನ್ನು ಮುಂದಕ್ಕೆ ಬಾಗಿಸಿ, ಅಂಗೈಯ ಬುಡದಿಂದ ಬೆನ್ನಿನ ಮೇಲ್ಭಾಗದಲ್ಲಿ, ಎರಡು ಹೆಗಲ ಮೂಳೆಗಳ ನಡುವೆ, ಐದು ಸಲ ಬಲವಾಗಿ ತಟ್ಟುತ್ತ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು. ಈ ಉಪಚಾರದ ಪೂರ್ಣ ಕ್ರಮವನ್ನು ನಿಮ್ಮ ವೈದ್ಯರಿಂದ ಮುಂಚಿತವಾಗಿಯೇ ಕಲಿತಿರುವುದು ಲೇಸು. ನಾವು ಮೊಮ್ಮಗನ ಪಾಲಿನ ಎಳ್ಳುಬೆಲ್ಲವನ್ನು ಕುಟ್ಟಿ ಪುಡಿಮಾಡಿದೆವು. ಅವನಿಗೆ ಎಲಚಿಹಣ್ಣು, ಕಬ್ಬಿನ ತುಂಡು, ಕಾಸುಗಳನ್ನು ಎರೆದ ಕೂಡಲೇ ನೆಲದಿಂದ ಒಂದೊಂದನ್ನೂ ಎಣಿಸಿ ಎತ್ತಿದೆವು.

ಎಳ್ಳು ಬೀರುವ ಕೆಲಸದಲ್ಲಿ ಅವನಿಗೂ ಒಂದು ಪಾಲು ದೊರೆಯಿತು. ಸಕ್ಕರೆ ಅಚ್ಚಿನ ತಟ್ಟೆಯನ್ನು ಎರಡು ಕೈಗಳಿಂದಲೂ ಹಿಡಿದು, ಅಜ್ಜಿಯ ಸೆರಗಿನ ಪಕ್ಕದಲ್ಲಿ ನೆರೆಮನೆಗೆ ಹೊರಟನು. ಮೊದಲನೆಯ ಮನೆಯಲ್ಲಿ ಕೊಟ್ಟನು. ಎರಡನೆಯ ಮನೆಯ ಮೆಟ್ಟಿಲ ಮೇಲೆ ಕುಳಿತು, ಆನೆಯ ಅಚ್ಚಿನ ಸೊಂಡಿಲನ್ನು ತಾನೇ ನೆಕ್ಕಿ ಕರಗಿಸಿದನು. ಗದರಬೇಕೆಂದು ನಮ್ಮ ಬಾಯಿ ತೆರೆದಿತ್ತು; ಮುದುಕಿಯ ಮಾತು ನೆನಪಿಗೆ ಬಂದು ಮುಚ್ಚಿಕೊಂಡಿತು. ಸೊಂಡಿಲಿಲ್ಲದ ಆನೆಯನ್ನೇ ಆ ಮನೆಯವರು ಸಂತೋಷದಿಂದ ಸ್ವೀಕರಿಸಿದರು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವು ಇಷ್ಟೆ. ಮುಂದಿನ ಹಬ್ಬಕ್ಕೆ ಪಟ್ಟಿ ಬರೆಯಲು ಕುಳಿತಾಗ, ಸಾಮಾನಿನ ಲೆಕ್ಕಕ್ಕೂ ನೆಂಟರ ಲೆಕ್ಕಕ್ಕೂ ಮೇಲೆ, ಮೊದಲನೆಯ ಸಾಲಿನಲ್ಲಿ, ಮಗುವಿನ ಹೆಸರನ್ನು ಬರೆಯಿರಿ. ಅದರ ಎದುರಿಗೆ, ಅಂದು ಅದರ ಕೈಯನ್ನು ಹಿಡಿಯುವವರು ಯಾರು, ಅದು ಉಣ್ಣುವ ಮಲಗುವ ಹೊತ್ತು ಯಾವುದು, ಅದು ಮಾಡುವ ಕೆಲಸವೇನು ಎಂದು ಗುರುತು ಮಾಡಿರಿ. ಎಲೆ ಹಾಕುವುದೋ, ಹೂ ಬಿಡಿಸುವುದೋ, ಯಾವುದಾದರೊಂದು ಕೆಲಸವಿರಲಿ. ನಮ್ಮ ಮನೆಯಲ್ಲಿ ಈಗ ಪ್ರತಿ ಕಾರ್ತಿಕದಲ್ಲಿಯೂ ಒಂದು ಸೇರು ಕಡಲೆಕಾಯಿಯನ್ನು ತರುವೆವು. ಅದನ್ನು ಅಳೆಯುವ ಪಾವು ಮೊಮ್ಮಗನದು. ತಾಯಿಯು ಪಕ್ಕದಲ್ಲಿ ಕುಳಿತು ಬೀಜ ಬಾಯಿಗೆ ಹೋಗದಂತೆ ನೋಡಿಕೊಳ್ಳುವಳು. ಅವನು ತುಂಬುವನು, ಸುರಿಯುವನು, ಮತ್ತೆ ತುಂಬುವನು.