ಪಾವಿಗೆ ಎಷ್ಟು ಗ್ರಾಂ?

ಚಿಂತಾಮಣಿ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಲೆಕ್ಕ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಕೆ.ಜಿ. ಲೆಕ್ಕ, ಗೌರಿಬಿದನೂರಿನ ಮುಸುಕಿನ ಜೋಳ ಕ್ವಿಂಟಲ್ ಲೆಕ್ಕ. ಅದೇ ಊರುಗಳ ಅಡುಗೆಮನೆಗೆ ಬಂದರೆ ಅಕ್ಕಿ ಡಬ್ಬದೊಳಗೆ ಇವತ್ತಿಗೂ ಪಾವು ಇರುತ್ತದೆ. ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಸೇರು. ಮದುಮಗಳು ಹೊಸಿಲು ದಾಟುವಾಗ ಒದೆಯುವುದೂ ಅಕ್ಕಿ ತುಂಬಿದ ಸೇರನ್ನೇ. 1956ರಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂದು, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಜಾರಿಯಾಯಿತು. ಈಗ ಸೇರೆಂದರೆ ಹೆಚ್ಚುಕಡಿಮೆ ಲೀಟರು, ಪಾವೆಂದರೆ 250 ಮಿ.ಲೀ.

ಊರುಬಿಟ್ಟ ಮಕ್ಕಳು ಅಡುಗೆಗೆ ಇಳಿದಾಗ ತೊಡಕು ಶುರು. ಅಮ್ಮ ಫೋನಿನಲ್ಲಿ ಪಾವು ಅನ್ನುತ್ತಾರೆ, ಮಗಳ ಕಟ್ಟೆಯ ಮೇಲಿರುವುದು ಡಿಜಿಟಲ್ ತಕ್ಕಡಿ. ಪಾವಿಗೆ ಎಷ್ಟು ಗ್ರಾಂ ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ನೀರು 250 ಗ್ರಾಂ ತೂಗುವ ಪಾವಿನಲ್ಲಿ ಅಕ್ಕಿ ಸುಮಾರು 200 ಗ್ರಾಂ ಹಿಡಿಯುತ್ತದೆ, ಬೇಳೆಯೂ ಅಷ್ಟೇ. ಗಟ್ಟಿ ಅವಲಕ್ಕಿ ಅದರ ಅರ್ಧದಷ್ಟು. ಕಡ್ಲೆಪುರಿಯಂತೂ 25 ಗ್ರಾಂ ಮುಟ್ಟುವುದೇ ಕಷ್ಟ. ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ಜಾತ್ರೆಯಲ್ಲಿ ಪುರಿಯನ್ನು ಅಳೆದು ಕೊಡುವುದಕ್ಕೆ ಇದೇ ಕಾರಣ. ಅಷ್ಟು ಹಗುರದ್ದನ್ನು ತಕ್ಕಡಿಗೆ ಹಾಕಿ ಯಾರಿಗೂ ಸುಖವಿಲ್ಲ.

ಇಡ್ಲಿಗೆ ಈ ತಲೆನೋವಿಲ್ಲ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ ಅಂದರೂ, 600 ಗ್ರಾಂಗೆ 200 ಗ್ರಾಂ ಅಂದರೂ ಹಿಟ್ಟು ಒಂದೇ. ಎರಡರ ತೂಕವೂ ಹತ್ತಿರಹತ್ತಿರ, ಹಾಗಾಗಿ ಅಳತೆಯ ಪ್ರಮಾಣವೇ ತೂಕದ ಪ್ರಮಾಣ.

ಮುದ್ದೆ ಹಾಗಲ್ಲ. ಒಂದು ಪಾವು ರಾಗಿಹಿಟ್ಟಿಗೆ ಎರಡು ಪಾವು ನೀರು ಎಂಬುದು ನಮ್ಮ ಕಡೆಯ ರೂಢಿಯ ಲೆಕ್ಕ. ಜರಡಿ ಹಿಡಿದ ಹಿಟ್ಟು ಪಾವಿಗೆ ಸುಮಾರು 130 ಗ್ರಾಂ, ಎರಡು ಪಾವು ನೀರು 500 ಗ್ರಾಂ. ಅಂದರೆ ತೂಕದಲ್ಲಿ ನೀರು ಹಿಟ್ಟಿನ ನಾಲ್ಕು ಪಟ್ಟಿಗೆ ಹತ್ತಿರ. ಒಂದಕ್ಕೆರಡು ಎಂಬ ಮಾತನ್ನೇ ತಕ್ಕಡಿಗೆ ತಂದು 130 ಗ್ರಾಂ ಹಿಟ್ಟಿಗೆ 260 ಗ್ರಾಂ ನೀರಿಟ್ಟರೆ ಹಿಟ್ಟು ಬೇಯುವುದೇ ಇಲ್ಲ. ಕೋಲು ಆಡುವುದಿಲ್ಲ, ಒಳಗೆ ಗಂಟು, ಹಸಿಹಿಟ್ಟಿನ ವಾಸನೆ. ಅವರೆಕಾಳು ಸಾರು ಎಷ್ಟೇ ಚೆನ್ನಾಗಿರಲಿ, ಅಂಥ ಮುದ್ದೆ ಗಂಟಲಲ್ಲಿ ಇಳಿಯದು.

ಹಿಟ್ಟಿನದು ಇನ್ನೊಂದು ತಂಟೆ. ಮಿಷನ್ನಿನಿಂದ ಬಂದ ಹಿಟ್ಟು ಡಬ್ಬದಲ್ಲಿ ಕೂತು ಕೂತು ಒತ್ತಿಕೊಂಡಿರುತ್ತದೆ. ಹಾಗೇ ಮೊಗೆದರೆ ಅದೇ ಪಾವಿನಲ್ಲಿ 20-30 ಗ್ರಾಂ ಹೆಚ್ಚು ಸೇರುತ್ತದೆ. ಪಾವನ್ನು ಗೋಪುರ ಮಾಡಿ ತುಂಬಿದರೆ ಇನ್ನೂ ಹೆಚ್ಚು. ಕೈ ಪಳಗಿದವರು ಮುದ್ದೆ ತಿರುವುವಾಗಲೇ ಇದನ್ನು ಸರಿಮಾಡಿಕೊಳ್ಳುತ್ತಾರೆ. ಹೊಸಬರು ಮಾತ್ರ ಹಿಟ್ಟನ್ನು ಸಡಿಲಿಸಿ, ತುಂಬಿ, ಬಾಯಿಮಟ್ಟಕ್ಕೆ ಸವರಿಯೇ ಅಳೆಯಬೇಕು. ಉಪ್ಪಿನ ವಿಷಯದಲ್ಲೂ ಎಚ್ಚರ ಬೇಕು: ಒಂದು ಚಮಚ ಕಲ್ಲುಪ್ಪು ಒಂದು ಚಮಚ ಪುಡಿಯುಪ್ಪಿಗಿಂತ ಹಗುರ.

ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ. ಅಲ್ಲಿನ ಕಪ್ಪು ಸುಮಾರು 240 ಮಿ.ಲೀ., ನಮ್ಮ ಪಾವಿಗಿಂತ ಸ್ವಲ್ಪವೇ ಕಡಿಮೆ. ಅಮ್ಮ ಪಾವು ಅಂದದ್ದನ್ನು ಕಪ್ಪು ಅಂದುಕೊಂಡರೆ ಸಾಕು.

ಇಲ್ಲಿರುವವರು ಒಂದು ಭಾನುವಾರ ಮನೆಯ ಪಾವನ್ನೇ ತಕ್ಕಡಿ ಮೇಲಿಟ್ಟು, ಅಕ್ಕಿ, ರವೆ, ರಾಗಿಹಿಟ್ಟು, ಅವಲಕ್ಕಿ ಒಂದೊಂದಾಗಿ ತೂಗಿ, ಆಯಾ ಡಬ್ಬದ ಮುಚ್ಚಳದ ಒಳಗೆ ಗ್ರಾಂ ಬರೆದು ಅಂಟಿಸಿ. ಹಳೆಯ ಪಾವುಗಳ ಗಾತ್ರ ಮನೆಯಿಂದ ಮನೆಗೆ ಬೇರೆಯಾದ್ದರಿಂದ ಅಜ್ಜಿಯ ಹಿತ್ತಾಳೆ ಪಾವಾದರೆ ಮೊದಲು ನೀರು ತುಂಬಿ ತೂಗಿ.