ಆಸ್ಕರನ ಮರುಹುಟ್ಟು

ರೇಡಿಯೋ ಹವ್ಯಾಸಿಗಳು ಲಾಭದ ಆಸೆಯಿಲ್ಲದೆ, ದೂರದ ಗೆಳೆಯರೊಡನೆ ಸಂಭಾಷಿಸುವುದಕ್ಕಾಗಿ ಗಗನಕ್ಕೇರಿಸುವ ಉಪಗ್ರಹಗಳು ಎಷ್ಟು ಕಾಲ ಬಾಳುತ್ತವೆ? ಅವುಗಳ ಆಯುಷ್ಯವು ಬಹುಮಟ್ಟಿಗೆ ಬ್ಯಾಟರಿಯ ಕೈಯಲ್ಲಿದೆ.

ಇವುಗಳಲ್ಲಿ ಮೊದಲನೆಯದಾದ ಆಸ್ಕರ್–1 ಅಮೆರಿಕದಿಂದ 1961ರ ಡಿಸೆಂಬರ್ 12ರಂದು ಮೇಲೇರಿತು. ಸೌರಫಲಕಗಳಿಲ್ಲದ ಆ ಪುಟ್ಟ ಪೆಟ್ಟಿಗೆಯು ಮೋರ್ಸ್ ಸಂಕೇತದಲ್ಲಿ ‘ಹಾಯ್’ ಎನ್ನುತ್ತ ಸುಮಾರು ಮೂರು ವಾರ ಸುತ್ತಿ, ಬ್ಯಾಟರಿ ಬರಿದಾಗಿ ಮೌನ ತಾಳಿತು.

ಅನಂತರದವುಗಳಿಗೆ ಬಿಸಿಲಿನಿಂದ ಬ್ಯಾಟರಿಗೆ ಶಕ್ತಿ ತುಂಬುವ ಏರ್ಪಾಡಾಯಿತು. ಆದರೆ ಭೂಮಿಯ ನೆರಳನ್ನು ಹೊಕ್ಕಾಗಲೆಲ್ಲ ಬರಿದಾಗಿ, ಬಿಸಿಲಿಗೆ ಬಂದಾಗ ತುಂಬಿ ಅದು ಸವೆಯುತ್ತದೆ. ನಮ್ಮ ಇಸ್ರೋ ನಿರ್ಮಿಸಿ, 2005ರ ಮೇ 5ರಂದು ಶ್ರೀಹರಿಕೋಟದಿಂದ ಹಾರಿಸಿದ ಹ್ಯಾಮ್‌ಸ್ಯಾಟ್ ಒಂಬತ್ತು ವರ್ಷಕ್ಕೂ ಮಿಕ್ಕಿ ದುಡಿಯಿತು. 2014ರ ಜುಲೈಯಲ್ಲಿ ಅದನ್ನು ನಿಲ್ಲಿಸಿದ್ದೂ ಬ್ಯಾಟರಿಯ ಕೇಡೇ.

ಆದರೆ 1974ರ ನವೆಂಬರ್ 15ರಂದು ಏರಿದ ಆಸ್ಕರ್–7ರ ಕಥೆ ಬೇರೆ. 1981ರಲ್ಲಿ ಬ್ಯಾಟರಿಯೊಳಗೆ ಶಾರ್ಟ್ ಆಗಿ ಅದು ಸತ್ತಿತೆಂದೇ ಎಲ್ಲರೂ ಬಗೆದರು. ಇಪ್ಪತ್ತೊಂದು ವರ್ಷಗಳ ಬಳಿಕ, 2002ರ ಜೂನಿನಲ್ಲಿ, ಇಂಗ್ಲೆಂಡಿನ ಹವ್ಯಾಸಿಯೊಬ್ಬರಿಗೆ ಅದರ ದನಿ ಕೇಳಿಸಿತು! ಬ್ಯಾಟರಿಯೊಳಗಿನ ಸಂಪರ್ಕವೇ ಕಡಿದುಹೋದುದರಿಂದ ಫಲಕಗಳ ವಿದ್ಯುತ್ತು ನೇರವಾಗಿ ಯಂತ್ರಕ್ಕೆ ಹರಿಯತೊಡಗಿತ್ತು. ಅಂದಿನಿಂದ ಬಿಸಿಲಿದ್ದಾಗ ಏಳುವುದು, ನೆರಳಾದೊಡನೆ ಮಲಗುವುದು ಅದರ ದಿನಚರಿಯಾಯಿತು. 2024ರಲ್ಲಿ ಐವತ್ತು ತುಂಬಿದಾಗಲೂ ಅದು ದುಡಿಯುತ್ತಲೇ ಇತ್ತು.

ಬ್ಯಾಟರಿಯು ಕೊಂದ ಯಂತ್ರವನ್ನು ಬ್ಯಾಟರಿಯ ಪೂರ್ಣನಾಶವೇ ಬದುಕಿಸಿತು. ಆದರೆ ಸಂಬಳವಿಲ್ಲದೆ ಕಿವಿಗೊಟ್ಟು ಕುಳಿತವರೊಬ್ಬರು ಇಲ್ಲದಿದ್ದರೆ ಆ ಬದುಕು ಯಾರಿಗೆ ತಿಳಿಯುತ್ತಿತ್ತು? ಲೆಕ್ಕದಿಂದ ಹೊಡೆದುಹಾಕಿದ ಬಾಬುಗಳನ್ನು ಒಮ್ಮೊಮ್ಮೆ ತಿರುವಿ ನೋಡುವುದು ಲೇಸೆಂದು ನಮಗೆ ತೋರುತ್ತದೆ.