ಪೊಲೀಸರು ಎಲ್ಲಿಂದ ಬರುತ್ತಾರೆ?



ಸಣ್ಣ ಮಕ್ಕಳು ಹಟ ಮಾಡಿ ಅತ್ತರೆ ನಮ್ಮ ಊರಲ್ಲಿ ಏನಂತಾರೆ? "ಸುಮ್ಮನಿರು, ಪೊಲೀಸರು ಬರ್ತಾರ ನೋಡು" ಅಂತಾರೆ. ಹೀಗೆ ತೊಟ್ಟಿಲಲ್ಲಿ ಇದ್ದಾಗಿನಿಂದಲೇ ನಮಗೆ ಪೊಲೀಸರೆಂದರೆ ಹೆದರಿಕೆ. ಆದರೆ ಅದೇ ಊರಲ್ಲಿ ಪಿಯುಸಿ, ಡಿಗ್ರಿ ಮುಗಿಸಿದ ಅಣ್ಣಂದಿರು, ಅಕ್ಕಂದಿರು ನಸುಕಿನಲ್ಲಿ ಎದ್ದು ಕಾಲುವೆ ದಾರಿ ಮೇಲೆ ಓಡುತ್ತಾರೆ. ಯಾಕೆ ಎಂದು ಕೇಳಿದರೆ "ಪೊಲೀಸ್ ಆಗಬೇಕು" ಅನ್ನುತ್ತಾರೆ. ಹೆದರಿಕೆಯೂ ಅವರದೇ, ಆಸೆಯೂ ಅದರದೇ! ಆದ್ದರಿಂದ ಈ ಸಲದ ಗೋಡೆ ಪತ್ರಿಕೆಗೆ ನಾನು ಪೊಲೀಸರ ಬಗ್ಗೆ ಬರೆಯಬೇಕೆಂದು ಮಾಡಿದೆ. ಪೊಲೀಸರು ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ, ಆ ಕೆಲಸಕ್ಕೆ ಹೇಗೆ ಸೇರುತ್ತಾರೆ ಎಂಬ ಮೂರು ಸಂಗತಿ ಇಲ್ಲಿವೆ. ನಿಧಾನವಾಗಿ ಓದಿರಿ.

ಮೊದಲು ಊರು ಕಾಯುತ್ತಿದ್ದವರು ಯಾರು?

"ಪೊಲೀಸ್" ನಮ್ಮ ಶಬ್ದ ಅಲ್ಲ. ಗ್ರೀಕ್ ಭಾಷೆಯಲ್ಲಿ "ಪೊಲಿಸ್" ಅಂದರೆ ನಗರ. ಆ ಮೂಲದಿಂದ ಹುಟ್ಟಿದ ಶಬ್ದ ಫ್ರೆಂಚ್, ಇಂಗ್ಲಿಷ್ ದಾಟಿ ನಮ್ಮ ಕಡೆ ಬಂತು. "ಠಾಣೆ" ಮಾತ್ರ ಸಂಸ್ಕೃತದ "ಸ್ಥಾನ"ದಿಂದ ಬಂದದ್ದು.

ಠಾಣೆಗಳು ಬರುವುದಕ್ಕಿಂತ ಮುಂಚೆ ಊರು ಕಾಯುವವರು ಊರಲ್ಲೇ ಇದ್ದರು. ರಾತ್ರಿ ಗಸ್ತು ತಿರುಗಿ ಕಳ್ಳರನ್ನು ನೋಡಿಕೊಳ್ಳುವವನು ತಳವಾರ. ಕಂದಾಯ ವಸೂಲು ಮಾಡುವವನು ಮಾಲಿಪಾಟೀಲ. ಜಗಳ, ಕಳವು, ಹೊಡೆದಾಟ ನೋಡುವವನು ಪೊಲೀಸ್ ಪಾಟೀಲ. ನಮ್ಮ ಸೀಮೆಯ ಯಾವ ಶಾಲೆಯ ಹಾಜರಿ ಪುಸ್ತಕ ತೆರೆದರೂ ತಳವಾರ, ಮಾಲಿಪಾಟೀಲ, ಪೊಲೀಸ್ ಪಾಟೀಲ ಎಂಬ ಅಡ್ಡಹೆಸರು ಸಿಗುತ್ತವೆ. ಅವೆಲ್ಲ ಹಿಂದಿನ ಕಾಲದ ಹುದ್ದೆಗಳು!

ಈ ಹುದ್ದೆಗಳಿಗೆ ಪರೀಕ್ಷೆ ಇರಲಿಲ್ಲ. ಅಪ್ಪ ಪಾಟೀಲನಾದರೆ ಮಗನೂ ಪಾಟೀಲ. ಅಪ್ಪ ತಳವಾರನಾದರೆ ಮಗನೂ ತಳವಾರ. ಯಾರು ಜಾಣರು, ಯಾರು ನ್ಯಾಯವಂತರು ಎಂದು ಯಾರೂ ಕೇಳುತ್ತಿರಲಿಲ್ಲ. ಯಾವ ಮನೆಯಲ್ಲಿ ಹುಟ್ಟಿದ ಎಂಬುದೊಂದೇ ಲೆಕ್ಕ. 1961ರಲ್ಲಿ ನಮ್ಮ ರಾಜ್ಯದಲ್ಲಿ ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾಯ್ದೆ ಆಯಿತು. 1963ರಿಂದ ಜಾರಿಗೆ ಬಂತು. ಅಲ್ಲಿಗೆ ವಂಶದ ಅಧಿಕಾರ ಮುಗಿಯಿತು. ಹೆಸರಷ್ಟೇ ಉಳಿಯಿತು.

ಸುರಪುರ, ನಿಜಾಮ ಮತ್ತು 1861ರ ಕಾಯ್ದೆ

ಸುರಪುರವನ್ನು ಬೇಡ ನಾಯಕ ದೊರೆಗಳು ಆಳುತ್ತಿದ್ದರು. ದೊರೆ ಚಿಕ್ಕವನಿದ್ದಾಗ ಸಂಸ್ಥಾನ ನೋಡಿಕೊಳ್ಳಲು ಬ್ರಿಟಿಷರು ಮೆಡೋಸ್ ಟೇಲರ್ ಎಂಬ ಅಧಿಕಾರಿಯನ್ನು ಕಳಿಸಿದರು. ಅವನು 1853ರವರೆಗೆ ಸುರಪುರದಲ್ಲಿದ್ದ. ಸುರಪುರ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನದೇ ಬಂಗಲೆ. ಅವನು ತರುಣನಾಗಿದ್ದಾಗ ನಿಜಾಮನ ಸೀಮೆಯಲ್ಲಿ ಪೊಲೀಸ್ ಕೆಲಸವನ್ನೂ ಮಾಡಿದ್ದ. ದಾರಿಹೋಕರನ್ನು ಕೊಲ್ಲುತ್ತಿದ್ದ ಥಗ್ಗರ ಮೇಲೆ 1839ರಲ್ಲಿ ಒಂದು ಕಾದಂಬರಿ ಬರೆದು ಹೆಸರಾದ.

ಮುಂದೆ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತದ್ದು ನಿಮಗೆ ಗೊತ್ತೇ ಇದೆ. ದೊರೆ ಸೋತು ಸೆರೆಯಾದ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು.

1857–58ರ ಬಂಡಾಯ ನೋಡಿ ಬ್ರಿಟಿಷರು ಬೆದರಿದರು. ಜನರನ್ನು ಹಿಡಿತದಲ್ಲಿ ಇಡಬೇಕಾದರೆ ಒಂದೇ ಅಚ್ಚಿನ ಪೊಲೀಸ್ ಪಡೆ ಬೇಕು ಎಂದು 1861ರಲ್ಲಿ ಪೊಲೀಸ್ ಕಾಯ್ದೆ ತಂದರು. ಅದಕ್ಕಿಂತ ಮುಂಚೆ 1829ರಲ್ಲಿ ಲಂಡನ್ ನಗರಕ್ಕೆ ರಾಬರ್ಟ್ ಪೀಲ್ ಎಂಬ ಮಂತ್ರಿ ಹೊಸ ಪೊಲೀಸ್ ಪಡೆ ಕಟ್ಟಿದ್ದ. ಆ ಪೊಲೀಸರು ನಗರದ ಜನರ ರಕ್ಷಣೆಗೆ. ನಮ್ಮ ದೇಶಕ್ಕೆ ಕೊಟ್ಟ ಪೊಲೀಸ್ ಮಾತ್ರ ಆಳುವವರ ರಕ್ಷಣೆಗೆ. ಹೆದರಿಕೆಯ ಬೇರು ಇಲ್ಲಿಯೂ ಇದೆ ಎಂದು ನನಗೆ ಅನಿಸುತ್ತದೆ.

ನಮ್ಮ ಯಾದಗಿರಿ, ಶಹಾಪುರ, ಸುರಪುರ ನಿಜಾಮನ ಕೈಯಲ್ಲಿದ್ದವು. ಅಲ್ಲಿ ಬ್ರಿಟಿಷರ ಕಾಯ್ದೆ ನಡೆಯುತ್ತಿರಲಿಲ್ಲ. ನಿಜಾಮನ ದಿವಾನ ಸಾಲಾರ್ ಜಂಗ್ 1860ರ ದಶಕದಲ್ಲಿ ಜಿಲ್ಲೆಗಳನ್ನು ಮಾಡಿ ಬೇರೆಯಾಗಿ ಪೊಲೀಸ್ ಇಲಾಖೆ ಕಟ್ಟಿದ. ಜಿಲ್ಲೆಯ ದೊಡ್ಡ ಪೊಲೀಸ್ ಅಧಿಕಾರಿಗೆ ಮೊಹತಮೀಮ್ ಎನ್ನುತ್ತಿದ್ದರು. ಠಾಣೆಯ ಅಧಿಕಾರಿಗೆ ಅಮೀನ್ ಎನ್ನುತ್ತಿದ್ದರು. ಮುಂದೆ ಸರಕಾರಿ ಭಾಷೆ ಉರ್ದು ಆಯಿತು. ಠಾಣೆಯ ಕಾಗದದಲ್ಲಿ ಏನು ಬರೆದರೋ, ಕನ್ನಡ ಮಾತಾಡುವ ರೈತನಿಗೆ ತಿಳಿಯುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿ ಬರುವುದೊಂದೇ ದಾರಿ.

ಹಿರಿಯರು "ಪೊಲೀಸ್ ಆ್ಯಕ್ಷನ್" ಅಂತಾರಲ್ಲ, ಅದರಲ್ಲಿ ಬಂದದ್ದು ಪೊಲೀಸರಲ್ಲ, ಭಾರತದ ಸೈನ್ಯ! 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಅದು ನಡೆಯಿತು. ಇದು ಬೇರೆ ದೇಶದ ಮೇಲಿನ ಯುದ್ಧವಲ್ಲ, ನಮ್ಮ ಮನೆಯೊಳಗಿನ ಶಾಂತಿಯ ಕೆಲಸ ಎಂದು ಹೇಳಲು ಸರಕಾರ "ಪೊಲೀಸ್" ಎಂಬ ಶಬ್ದ ಬಳಸಿತು. 1956ರ ನವೆಂಬರ್ 1ರಂದು ನಾವು ಕನ್ನಡ ನಾಡಿಗೆ ಸೇರಿದೆವು. 1963ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಪೊಲೀಸ್ ಕಾಯ್ದೆ ಆಯಿತು. ಈಗ ಅದನ್ನು ಕರ್ನಾಟಕ ಪೊಲೀಸ್ ಕಾಯ್ದೆ ಎನ್ನುತ್ತಾರೆ.

ಈಗ ಪೊಲೀಸ್ ಇಲಾಖೆ ಹೇಗಿದೆ?

ಭಾರತಕ್ಕೆಲ್ಲ ಒಂದೇ ಪೊಲೀಸ್ ಇದೆ ಎಂದು ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ಸಂವಿಧಾನದ ಪ್ರಕಾರ ಪೊಲೀಸ್ ರಾಜ್ಯದ ವಿಷಯ. ನಮ್ಮ ಠಾಣೆ ನಡೆಸುವುದು ಕರ್ನಾಟಕ ಸರಕಾರ. ಕೇಂದ್ರ ಸರಕಾರಕ್ಕೆ ಬೇರೆ ಪಡೆಗಳಿವೆ. ಸಿಆರ್‌ಪಿಎಫ್ 1939ರಲ್ಲಿ ಹುಟ್ಟಿತು. ಗಡಿ ಕಾಯುವ ಬಿಎಸ್‌ಎಫ್ 1965ರಲ್ಲಿ, ಕಾರ್ಖಾನೆ, ವಿಮಾನ ನಿಲ್ದಾಣ ಕಾಯುವ ಸಿಐಎಸ್‌ಎಫ್ 1969ರಲ್ಲಿ ಆದವು. ರೈಲ್ವೆ ಸ್ಟೇಷನ್‌ದಲ್ಲಿ ಕಾಣುವ ಆರ್‌ಪಿಎಫ್ ಕೂಡ ಕೇಂದ್ರದ್ದು. ಆದರೆ ರೈಲಿನಲ್ಲಿ ಕಳವಾದರೆ ಕೇಸು ಬರೆದುಕೊಳ್ಳುವ ರೈಲ್ವೆ ಪೊಲೀಸರು ರಾಜ್ಯದವರು.

2009–10ರಲ್ಲಿ ಯಾದಗಿರಿ ಬೇರೆ ಜಿಲ್ಲೆ ಆಯಿತು. ಅದಕ್ಕೂ ಮುಂಚೆ ಎಸ್.ಪಿ. ಸಾಹೇಬರನ್ನು ಕಾಣಬೇಕಾದರೆ ಕಲಬುರಗಿಗೇ ಹೋಗಬೇಕಿತ್ತು. ಈಗ ಯಾದಗಿರಿಯಲ್ಲೇ ಎಸ್.ಪಿ. ಕಚೇರಿ ಇದೆ. ಅವರ ಕೈಕೆಳಗೆ ಶಹಾಪುರ, ಗೋಗಿ, ಭೀಮರಾಯನಗುಡಿ, ಸುರಪುರ, ಕೆಂಭಾವಿ, ಹುಣಸಗಿ, ಕೊಡೇಕಲ್, ನಾರಾಯಣಪುರ, ವಡಗೇರಾ, ಸೈದಾಪುರ, ಗುರುಮಠಕಲ್ ಮುಂತಾದ ಠಾಣೆಗಳಿವೆ. ಎಸ್.ಪಿ. ಮೇಲೆ ಕಲಬುರಗಿಯಲ್ಲಿ ಈಶಾನ್ಯ ವಲಯದ ಐ.ಜಿ.ಪಿ. ಎಲ್ಲರ ಮೇಲೆ ಬೆಂಗಳೂರಿನಲ್ಲಿ ಡಿ.ಜಿ.ಪಿ.

ಯಾರು ಯಾವ ಹುದ್ದೆ ಎಂದು ಭುಜ, ತೋಳು ನೋಡಿ ಹೇಳಬಹುದು:

ತೋಳಿನ ಮೇಲೆ ಮೂರು ಪಟ್ಟಿ ಇದ್ದರೆ ಹೆಡ್ ಕಾನ್‌ಸ್ಟೇಬಲ್.
ಒಂದು ನಕ್ಷತ್ರ, ಕೆಂಪು-ನೀಲಿ ಪಟ್ಟಿ ಇದ್ದರೆ ಎ.ಎಸ್.ಐ.
ಎರಡು ನಕ್ಷತ್ರ, ಕೆಂಪು-ನೀಲಿ ಪಟ್ಟಿ ಇದ್ದರೆ ಪಿ.ಎಸ್.ಐ.
ಮೂರು ನಕ್ಷತ್ರ, ಕೆಂಪು-ನೀಲಿ ಪಟ್ಟಿ ಇದ್ದರೆ ಇನ್‌ಸ್ಪೆಕ್ಟರ್.
ಮೂರು ನಕ್ಷತ್ರ ಇದ್ದು ಪಟ್ಟಿ ಇಲ್ಲದಿದ್ದರೆ ಡಿ.ವೈ.ಎಸ್.ಪಿ.

ಕಾನ್‌ಸ್ಟೇಬಲ್‌ರ ತಲೆ ಮೇಲೆ ಒಂದು ಕಡೆ ಮಡಿಚಿದ ಸ್ಲೋಚ್ ಟೋಪಿ ಬಹಳ ವರ್ಷ ಇತ್ತು. 2025ರ ಅಕ್ಟೋಬರ್‌ನಲ್ಲಿ ಸರಕಾರ ಅದರ ಬದಲು ಕಡುನೀಲಿ ಬಣ್ಣದ ಪೀಕ್ ಕ್ಯಾಪ್ ತಂದಿತು.

ಸೇರುವುದು ಹೇಗೆ?

ಪೊಲೀಸ್ ಇಲಾಖೆಗೆ ನಾಲ್ಕು ಬಾಗಿಲು ಇವೆ ಎಂದು ತಿಳಿಯಿರಿ. ಒಂದು ಕಾನ್‌ಸ್ಟೇಬಲ್. ಎರಡು ಪಿ.ಎಸ್.ಐ. ಮೂರನೆಯದು ಕೆಪಿಎಸ್‌ಸಿ ಪರೀಕ್ಷೆ ಬರೆದು ಡಿ.ವೈ.ಎಸ್.ಪಿ. ಆಗುವುದು. ನಾಲ್ಕನೆಯದು ಯುಪಿಎಸ್‌ಸಿ ಪರೀಕ್ಷೆ ಬರೆದು ಐಪಿಎಸ್ ಆಗುವುದು.

ಇತ್ತೀಚಿನ ನೇಮಕಾತಿಗಳಲ್ಲಿ ಠಾಣೆಯ ಸಿವಿಲ್ ಕಾನ್‌ಸ್ಟೇಬಲ್‌ಗೆ ಪಿಯುಸಿ ಪಾಸಾಗಿರಬೇಕು. ಜಿಲ್ಲಾ ಸಶಸ್ತ್ರ ಮೀಸಲು ಪಡೆಗೆ, ಕೆಎಸ್‌ಆರ್‌ಪಿಗೆ ಎಸ್‌ಎಸ್‌ಎಲ್‌ಸಿ ಸಾಕು. ಪಿ.ಎಸ್.ಐ.ಗೆ ಡಿಗ್ರಿ ಬೇಕು. ವಯಸ್ಸಿನ ಮಿತಿ ಬದಲಾಗುತ್ತಿರುತ್ತದೆ. ಆದ್ದರಿಂದ ಆಯಾ ಸಲದ ಅಧಿಸೂಚನೆಯನ್ನೇ ಓದಬೇಕು, ಅವರಿವರ ಮಾತು ನಂಬಬಾರದು.

ಕಾನ್‌ಸ್ಟೇಬಲ್‌ಗೆ ಮೊದಲು 100 ಅಂಕದ ಬರಹದ ಪರೀಕ್ಷೆ. ಪ್ರಶ್ನೆ ಕನ್ನಡದಲ್ಲೂ ಇರುತ್ತವೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ, ಅಂದಾಜಿನ ಮೇಲೆ ಗುರುತು ಹಾಕಬಾರದು. ಪಾಸಾದವರಿಗೆ ಅಳತೆ ಮತ್ತು ಮೈದಾನದ ಪರೀಕ್ಷೆ.

ಗಂಡಸರಿಗೆ: ಎತ್ತರ 168 ಸೆಂ.ಮೀ., ಎದೆ ಉಬ್ಬಿಸಿದಾಗ 86 ಸೆಂ.ಮೀ. 1600 ಮೀಟರ್ ಓಟ 6 ನಿಮಿಷ 30 ಸೆಕೆಂಡಿನೊಳಗೆ. ಉದ್ದ ಜಿಗಿತ 3.80 ಮೀಟರ್ ಅಥವಾ ಎತ್ತರ ಜಿಗಿತ 1.20 ಮೀಟರ್. 7.26 ಕಿಲೋ ಗುಂಡನ್ನು 5.60 ಮೀಟರ್ ಎಸೆಯಬೇಕು.

ಹೆಂಗಸರಿಗೆ: ಎತ್ತರ 157 ಸೆಂ.ಮೀ., ತೂಕ 45 ಕಿಲೋ. 400 ಮೀಟರ್ ಓಟ 2 ನಿಮಿಷದೊಳಗೆ. ಉದ್ದ ಜಿಗಿತ 2.50 ಮೀಟರ್ ಅಥವಾ ಎತ್ತರ ಜಿಗಿತ 0.90 ಮೀಟರ್. 4 ಕಿಲೋ ಗುಂಡನ್ನು 3.75 ಮೀಟರ್ ಎಸೆಯಬೇಕು.

ನಮ್ಮ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ನಾವು ಹುಡುಗಿಯರು ಅಳೆದು ನೋಡಿದೆವು. ಎರಡೂವರೆ ಮೀಟರ್ ಕೇಳಿದಷ್ಟು ದೊಡ್ಡದಲ್ಲ. ನೀವೂ ನೋಡಿರಿ.

ನಮ್ಮ ಭಾಗದವರಿಗೆ ಇನ್ನೊಂದು ಅನುಕೂಲ ಇದೆ. 2012ರಲ್ಲಿ ಸಂಸತ್ತು 371 ಜೆ ತಿದ್ದುಪಡಿಗೆ ಒಪ್ಪಿತು. ಅದರಂತೆ 2013ರಲ್ಲಿ ಆದ ಆದೇಶದ ಪ್ರಕಾರ ಈ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೇ ಮೀಸಲು. ಕಾನ್‌ಸ್ಟೇಬಲ್ ಹುದ್ದೆ ಗ್ರೂಪ್ ಸಿ. ಇದಕ್ಕೆ ಅಸಿಸ್ಟಂಟ್ ಕಮಿಷನರ್ ಕಚೇರಿಯಿಂದ ಪ್ರಮಾಣ ಪತ್ರ ತೆಗೆಸಬೇಕು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಮೀಸಲಾತಿ ಇವೆ. ಅಂದರೆ ನಾವು ಈಗ ಕೂತ ಈ ಶಾಲೆಯೇ ನಮಗೊಂದು ಪ್ರಮಾಣ ಪತ್ರ! ಆಯ್ಕೆಯಾದವರಿಗೆ ತರಬೇತಿ ಕೊಡುವ ಕಾಲೇಜು ದೂರ ಇಲ್ಲ, ಕಲಬುರಗಿ ಹತ್ತಿರ ನಾಗನಹಳ್ಳಿಯಲ್ಲೇ ಒಂದಿದೆ.

ನೌಕರಿ ಕೊಂಡರೆ ಏನಾಗುತ್ತದೆ?

ನಮ್ಮ ಕಡೆ ಮಳೆ ಕೈಕೊಟ್ಟರೆ ಬೆಂಗಳೂರು, ಪುಣೆ, ಮುಂಬೈಗೆ ಗುಳೇ ಹೋಗುತ್ತಾರೆ. ಮನೆಯಲ್ಲಿ ಒಬ್ಬರಿಗೆ ಖಾಕಿ ನೌಕರಿ ಆದರೆ ಇಡೀ ಮನೆ ಊರಲ್ಲಿ ಉಳಿಯುತ್ತದೆ. ಈ ಆಸೆಯನ್ನೇ ಹಿಡಿದು ದಲ್ಲಾಳಿಗಳು ಬರುತ್ತಾರೆ.

2021ರ ಅಕ್ಟೋಬರ್ 3ರಂದು 545 ಪಿ.ಎಸ್.ಐ. ಹುದ್ದೆಗೆ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಜನ ಬರೆದರು. ಆಮೇಲೆ ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಿಂದ ಮೋಸ ಬಯಲಿಗೆ ಬಂತು. ಉತ್ತರ ಪತ್ರಿಕೆ ತಿದ್ದಿದ್ದು, ಬ್ಲೂಟೂತ್ ಇಟ್ಟುಕೊಂಡು ಬರೆದದ್ದು ಒಂದೊಂದಾಗಿ ಹೊರಬಿದ್ದವು. ಅಧಿಕಾರಿಗಳೂ ಬಂಧನಕ್ಕೊಳಗಾದರು. 2022ರ ಏಪ್ರಿಲ್‌ನಲ್ಲಿ ಸರಕಾರ ಆಯ್ಕೆಯನ್ನು ರದ್ದು ಮಾಡಿತು. ಮರುಪರೀಕ್ಷೆ ಆದದ್ದು 2024ರ ಜನವರಿ 23ರಂದು. ನಿಯತ್ತಿನಿಂದ ಓದಿ ಬರೆದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಯಾರೋ ಮಾಡಿದ ಮೋಸಕ್ಕೆ ದಂಡ ತೆತ್ತವರು ಅವರು.

ನನ್ನ ಅಣ್ಣನ ಸಲುವಾಗಿ ನಮ್ಮ ಮನೆಗೂ ಒಬ್ಬರು ಬಂದಿದ್ದರು. "ಇಷ್ಟು ಲಕ್ಷ ಕೊಡ್ರಿ, ಕೆಲಸ ಗ್ಯಾರಂಟಿ" ಅಂದರು. ಅಪ್ಪ ಎದ್ದು ಹೊಲದ ಪಹಣಿ ತೆಗೆದ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅವ್ವ ಒಳಗಿನಿಂದ ಬಂದು, "ಹೊಲ ಮಾರಿ ಕೊಂಡ ನೌಕರಿಗೆ ಹೊಲದಷ್ಟು ರೊಕ್ಕ ತಿರುಗಿ ತೆಗಿಬೇಕು ಅನಸ್ತದ. ಇವ ಯಾರ ಕಡೆ ತೆಗಿತಾನ? ನಮ್ಮಂಥವರ ಕಡೆನೇ ತೆಗಿತಾನ. ಬ್ಯಾಡ" ಅಂದಳು. ಬಂದವರು ಚಹಾ ಕುಡಿಯದೇ ಹೋದರು. ಅಣ್ಣ ಈಗಲೂ ಓಡುತ್ತಾನೆ, ಓದುತ್ತಾನೆ. ಇನ್ನೂ ಆಯ್ಕೆ ಆಗಿಲ್ಲ.

ಅವ್ವ ಹೇಳಿದ್ದರಲ್ಲೇ ಈ ಲೇಖನದ ಸಾರ ಇದೆ. ಹಿಂದೆ ಹುಟ್ಟಿನಿಂದ ಅಧಿಕಾರ ಬರುತ್ತಿತ್ತು. ಆಮೇಲೆ ಆಳುವವರ ಮರ್ಜಿಯಿಂದ ಬಂತು. ಈಗ ಪರೀಕ್ಷೆ ಮತ್ತು ಮೈದಾನದಿಂದ ಬರುತ್ತದೆ. ಇದನ್ನು ಪಡೆಯಲು ನಮ್ಮ ಹಿರಿಯರು ಬಹಳ ದಿನ ಕಾದರು. ರೊಕ್ಕ ಕೊಟ್ಟು ಸೇರಿದರೆ ಮತ್ತೆ ಹಿಂದಿನ ಕಾಲಕ್ಕೇ ಹೋದಂತೆ. ನಿಯತ್ತಿನಿಂದ ಸೇರಿದ ಪೊಲೀಸನಿಗೆ ಮಾತ್ರ ನಿಯತ್ತಿನಿಂದ ಇರುವುದು ಸುಲಭ.

ನೆನಪಿಡಬೇಕಾದ ನಾಲ್ಕು ಮಾತು

1. ತೊಂದರೆ ಆದಾಗ 112ಕ್ಕೆ ಫೋನ್ ಮಾಡಬೇಕು.
2. ಠಾಣೆಯಲ್ಲಿ ದೂರು ಬರೆಸಿದರೆ ಅದನ್ನು ಓದಿ ಹೇಳಬೇಕು. ಎಫ್‌ಐಆರ್ ನಕಲು ಪುಕ್ಕಟೆ ಕೊಡಬೇಕು. ಓದದೇ ಸಹಿ ಮಾಡಬೇಡಿರಿ. ಓದಲು ಬಾರದ ಹಿರಿಯರ ಜೊತೆ ನಾವು ಹೋಗಬೇಕು.
3. ಬೇರೆ ಠಾಣೆಯ ಹದ್ದಿನಲ್ಲಿ ನಡೆದ ಅಪರಾಧವಾದರೂ ದೂರು ತೆಗೆದುಕೊಳ್ಳಲೇಬೇಕು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ.
4. ಹಿಡಿದವರನ್ನು, ದಾರಿಯ ವೇಳೆ ಬಿಟ್ಟು, 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ ಮಾತು.

ಇನ್ನು ನಿಮಗೆ ಮೂರು ಪ್ರಶ್ನೆ:
ಅ) ಎರಡು ನಕ್ಷತ್ರ ಮತ್ತು ಕೆಂಪು-ನೀಲಿ ಪಟ್ಟಿ ಇರುವವರು ಯಾರು?
ಆ) ನಿಜಾಮನ ಕಾಲದಲ್ಲಿ ಠಾಣೆಯ ಅಧಿಕಾರಿಗೆ ಏನೆನ್ನುತ್ತಿದ್ದರು?
ಇ) ನಿಮ್ಮ ಊರು ಯಾವ ಠಾಣೆಯ ಹದ್ದಿಗೆ ಬರುತ್ತದೆ?

ಉತ್ತರಗಳನ್ನು ಚೀಟಿಯಲ್ಲಿ ಬರೆದು, ಹೆಸರು, ತರಗತಿ ಹಾಕಿ, ಶನಿವಾರದೊಳಗೆ ಪತ್ರಿಕೆಯ ಕೆಳಗಿನ ಡಬ್ಬಿಯಲ್ಲಿ ಹಾಕಿರಿ.

— ಹತ್ತನೇ ತರಗತಿಯ ವಿದ್ಯಾರ್ಥಿನಿ